ವಾಪಸು ಬಂದ ನೆನಪು

ಹುಲುಗಪ್ಪನ ನೆನಪು ವಿಮೆ ಕಂಪನಿಯಿಂದ ವಾಪಸು ಸಿಕ್ಕಿದ್ದು ಮೂವತ್ತನೆಯ ದಿನ, ಕಚೇರಿ ಮುಚ್ಚುವ ಹೊತ್ತಿಗೆ. ಲಾರಿ ಮಗುಚಿದ ಮೇಲೆ ಎಲ್ಲ ಡ್ರೈವರುಗಳಂತೆ ಅವನೂ ಆ ದಿನದ ನೆನಪನ್ನು ಪರಿಶೀಲನೆಗೆ ಒಪ್ಪಿಸಿದ್ದ. ತಿಂಗಳೊಳಗೆ ಅದನ್ನು ಇದ್ದ ಹಾಗೇ ಮರಳಿಸಬೇಕೆಂದು ಕಾನೂನಿತ್ತು. ಕುರ್ಚಿಯಲ್ಲಿ ಕೂರಿಸಿ ತಲೆಗೆ ತುಂಬಿದರು.

ತುಂಬಿದ್ದೇ ತಡ, ಬಾಯಲ್ಲಿ ಸಾರಾಯಿಯ ಘಾಟು. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಬಾಟಲಿ. ಜನ್ಮದಲ್ಲಿ ಒಂದು ಹನಿ ಮುಟ್ಟದವನು ಬಾಯಿ ಒರೆಸಿಕೊಂಡ. ನಾನು ಕುಡಿದಿದ್ದೆನೇ? ಕುಡಿದದ್ದು ನೆನಪಿದೆಯಲ್ಲ!

"ಕುಡಿದು ಓಡಿಸಿದವರಿಗೆ ಪರಿಹಾರ ಇಲ್ಲ. ಇಲ್ಲಿ ಸಹಿ ಹಾಕಿ," ಎಂದಳು ಅಧಿಕಾರಿ.

ಪೆನ್ನು ಹಿಡಿದವನಿಗೆ ಆ ನೆನಪಿನೊಳಗೆ ತನ್ನದೇ ಕಾಲು ಕಂಡಿತು. ಬ್ರೇಕಿನ ಮೇಲೆ ಚಪ್ಪಲಿ!

"ಮೇಡಂ, ಇದು ನನ್ನ ನೆನಪಲ್ಲರೀ! ಕ್ಯಾಬಿನ್‌ನಾಗ ಹುಲಿಗೆಮ್ಮ ದೇವಿ ಫೋಟೋ ಐತಿ. ಇಪ್ಪತ್ತು ವರ್ಷದಾಗ ಒಂದಿನಾನೂ ನಾ ಚಪ್ಪಲಿ ಹಾಕ್ಕೊಂಡು ಒಳಗ ಹತ್ತಿಲ್ಲ!"

ಅವಳು ಕಡತದಲ್ಲಿ 'ಬರಿಗಾಲು' ಎಂದು ಬರೆದುಕೊಂಡು, ಬಾಗಿಲು ಹಾಕುವಂತೆ ಕಾವಲಿನವನಿಗೆ ಸನ್ನೆ ಮಾಡಿದಳು.

"ಹೇಳಿದ್ದು ಒಳ್ಳೇದಾಯ್ತು. ಕುರ್ಚಿಯಲ್ಲಿ ಕೂತ್ಕೊಳ್ಳಿ, ಚಪ್ಪಲಿ ಮಾತ್ರ ತೆಗೆದು ಸರಿಮಾಡಿ ಕೊಡ್ತೀವಿ."