ತುಕ್ಕಿನ ಮೇಲೆ ಹಾಕಿದ ಬೆಸುಗೆ

ಆ ಲಾಟೀನನ್ನು ಬೆಸೆದದ್ದು ನಾನು ಎಂದು ಅಪ್ಪನ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಈಗಲೂ ರೇಡಿಯೊ ರಿಪೇರಿ ಅಂಗಡಿಯಿಂದ ಬೆಸುಗೆಯ ರಾಳ ಸುಟ್ಟ ವಾಸನೆ ಬಂದರೆ ನನ್ನ ಕಾಲು ಅಲ್ಲೇ ನಿಲ್ಲುತ್ತದೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಮಡಿಕೇರಿ ಪೇಟೆಯಲ್ಲಿ ಅಪ್ಪ ಡಬ್ಬ, ಲಾಟೀನುಗಳಿಗೆ ಬೆಸುಗೆ ಹಾಕುತ್ತಿದ್ದರು. ಅಣ್ಣನದು ಎಡಗೈ, ಅವನಿಗೆ ಆ ಕೆಲಸವನ್ನು ಒಲ್ಲದ ಮನಸ್ಸಿನಿಂದಲೇ ಕಲಿಸುತ್ತಿದ್ದರು. ಒಂದು ಮಧ್ಯಾಹ್ನ ಅಪ್ಪ ಇಲ್ಲದಾಗ, ನನಗೂ ಕಲಿಸು ಎಂದು ಅಣ್ಣನನ್ನು ಕಾಡಿದೆ. ಎಸ್ಟೇಟಿನಿಂದ ರಿಪೇರಿಗೆ ಬಂದಿದ್ದ ಲಾಟೀನೊಂದನ್ನು ಮುಂದಿಟ್ಟು, ಇದ್ದಲಿನಲ್ಲಿ ಕಾದ ತಾಮ್ರದ ಕೋಲನ್ನು ಅವನು ನನ್ನ ಕೈಗೆ ಕೊಟ್ಟ.

“ಮೊದ್ಲು ತುಕ್ಕೆಲ್ಲ ಕೆರೀಬೇಕು ಕಣೇ. ತಗಡು ಹೊಳೀದಿದ್ರೆ ಸೀಸ ಹಿಡಿಯಲ್ಲ,” ಎಂದು ಹೇಳಿ ನೀರು ತರಲು ಹೋದ.

ನನಗೆ ಅಷ್ಟು ತಾಳ್ಮೆ ಎಲ್ಲಿತ್ತು? ತುಕ್ಕಿನ ಮೇಲೆಯೇ ರಾಳ ಸವರಿ ಸೀಸ ಕರಗಿಸಿದೆ. ಅದು ಬೆಳ್ಳಿಯಂತೆ ಹೊಳೆಯಿತು.

“ಕೆರೆದ್ಯಾ?” ಎಂದ ಅಣ್ಣ, ಬಂದವನೇ.

“ಹ್ಞೂಂ,” ಎಂದೆ.

ವಾರ ಕಳೆಯುವ ಮೊದಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸೀಮೆಎಣ್ಣೆ ಸೋರುತ್ತಿದ್ದ ಆ ಲಾಟೀನನ್ನು ತಂದು ಅಪ್ಪನ ಮುಂದೆ ಕುಕ್ಕಿದರು. ಬೆಸುಗೆ ಸಿಪ್ಪೆಯಂತೆ ಎದ್ದಿತ್ತು.

“ಎಡಚನ ಕೈಗೆ ಕೋಲು ಕೊಟ್ನಲ್ಲ, ನಂಗೆ ಬುದ್ಧಿ ಇಲ್ಲ,” ಎಂದರು ಅಪ್ಪ, ಅಣ್ಣನ ಕಡೆ ತಿರುಗಿ. “ನಾಳೆಯಿಂದ ತೋಟದ ಕೆಲಸಕ್ಕೆ ಹೋಗು.”

ಅಣ್ಣ ನನ್ನನ್ನು ನೋಡಿದ. ನಾನು ತಿದಿ ಒತ್ತುತ್ತಾ ಇದ್ದಲನ್ನೇ ನೋಡಿದೆ. ನನ್ನ ಹೆಸರೆತ್ತದೆ ಅವನು ಮರುದಿನ ತೋಟದ ಕೆಲಸಕ್ಕೆ ಹೊರಟ.

ಅವನು ಮತ್ತೆಂದೂ ಆ ಕೋಲನ್ನು ಮುಟ್ಟಲಿಲ್ಲ. ಮೊನ್ನೆ ಅವನ ಮನೆಗೆ ಹೋಗಿ, ಕಾಫಿ ಕೊಯ್ದು ಕೊಯ್ದು ಒರಟಾದ ಆ ಎಡಗೈಯನ್ನು ಹಿಡಿದುಕೊಂಡೆ.

“ಅಣ್ಣಾ, ಆವತ್ತು ನಾನು ತುಕ್ಕು ಕೆರೆದಿರ್ಲಿಲ್ಲ. ತಪ್ಪಾಯ್ತು.”