ಮೋರಿ ಮೇಡಂ

“ನಿಮ್ಮ ಮಗಳು ಯಾರೋ ನಂಗೊತ್ತಿಲ್ಲ ಯಜಮಾನ್ರೇ. ನಮ್ಮನೆ ಓಟೆಲ್ಲ ಮೋರಿ ಮೇಡಂಗೆ,” ಎಂದು ಇಸ್ತ್ರಿ ಅಂಗಡಿಯ ಹೆಂಗಸು ಕರಪತ್ರ ಮುಟ್ಟದೆ ಕೈ ಮುಗಿದಳು. ಮಾಜಿ ಮೇಯರ್ ಚಾಚಿದ್ದ ಕೈ ಹಾಗೇ ನಿಂತಿತು.

ಕರಪತ್ರದ ತುಂಬ ಅವರದೂ ಅವರಪ್ಪನದೂ ಮುಖ. ಮಗಳದು ಮೂಲೆಯಲ್ಲಿ, ಅಂಚೆಚೀಟಿಯಷ್ಟು. ಒಂದು ಅವಧಿ ಪೂರ್ತಿ ಕೌನ್ಸಿಲರ್ ಆಗಿದ್ದರೂ ಅವಳು ಸಭೆಯಲ್ಲಿ ಎದ್ದು ನಿಂತರೆ, “ಮೇಯರ್ ಮಗಳು ಮಾತಾಡ್ತಾಳೆ, ಕೇಳ್ರಪ್ಪಾ” ಎಂಬ ಕುಹಕ ತಪ್ಪಿರಲಿಲ್ಲ. ಈ ಸಲ ಅಪ್ಪನ ಹೆಸರು ಹೇಳದೆ ಓಟು ಕೇಳುತ್ತೇನೆ ಎಂದಾಗ, “ಹಾಗಾದ್ರೆ ಠೇವಣಿನೂ ಉಳಿಯಲ್ಲ” ಎಂದು ಅವರೇ ಬೀದಿಗಿಳಿದಿದ್ದರು.

“ಯಾರಮ್ಮ ಅದು ಮೋರಿ ಮೇಡಂ? ಎದುರು ಪಕ್ಷದವಳಾ?”

“ಪಕ್ಷ ಕಟ್ಕೊಂಡು ನಮಗೇನಾಗ್ಬೇಕು? ಇಲ್ಲಿ ಮೋರಿ ಕಟ್ಕೊಂಡಾಗ ಪ್ಯಾಂಟು ಮಡಚಿ ಇಳಿದೇಬಿಟ್ರು ಪುಣ್ಯಾತ್ಗಿತ್ತಿ. ಒಂದು ಚಪ್ಪಲಿ ಒಳಗೇ ಹೋಯ್ತು. ಅಗೋ, ಅಲ್ಲೇ ಬರ್ತಿದ್ದಾರೆ ನೋಡಿ!”

ಅವರು ತಿರುಗಿದರು. ಬೀದಿಯ ತುದಿಯಲ್ಲಿ ಮಗಳು ಬರುತ್ತಿದ್ದಳು. ಅವಳು ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದ ದಿನ, “ಮನೆತನದ ಮಾನ ಮೋರಿಗೆ ಹಾಕಿದೆ” ಎಂದು ತಾವು ಕೂಗಾಡಿದ್ದು ನೆನಪಾಯಿತು. ಮೊದಲು ಅವರ ಮೀಸೆ ಅದುರಿತು, ಆಮೇಲೆ ಹೊಟ್ಟೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕರಪತ್ರದ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮಗಳು ಹತ್ತಿರ ಬರುವ ಮೊದಲೇ ಪಕ್ಕದ ಮನೆಯ ಬಾಗಿಲು ತಟ್ಟಿದರು.

“ನಮಸ್ಕಾರ ಕಣಮ್ಮ. ನಾನು ಮೋರಿ ಮೇಡಂ ಅಪ್ಪ.”