ಕಾಲು ಚಾಚುವಷ್ಟು ಜಾಗ

"ಯಾರರೇ ಒಬ್ರು ಹಿಂದ ಮಲಗಿ ನೋಡ್ರಿ," ಎಂದ ಶಶಿಕಾಂತ. ಆ ಹಳೆಯ ಉದ್ದ ಕಾರನ್ನು ಅವನು ಒಂದೇ ಕಾಳಗದ ಟಗರು ಮಾರಿದ ದುಡ್ಡಿಗೆ ಮುಧೋಳದಿಂದ ತಂದು, ಹಿಂದಿನ ಸೀಟು ತೆಗೆಸಿದ್ದ. ಹಿಪ್ಪರಗಿಯ ಅವರ ತೋಟದ ಮನೆಗಳಲ್ಲಿ ಟ್ರ್ಯಾಕ್ಟರು, ಬೈಕು ಇದ್ದವು. ಬೇನೆ ಬಂದವರನ್ನು ಮಲಗಿಸಿಕೊಂಡು ದವಾಖಾನೆಗೆ ಒಯ್ಯುವ ಗಾಡಿ ಮಾತ್ರ ಇರಲಿಲ್ಲ.

ಆದರೆ ಯಾರೂ ಮುಂದೆ ಬರಲಿಲ್ಲ. ಕಾರಿನ ಹಣೆಗೆ ಬೀರೇಶ್ವರನ ಭಂಡಾರದ ಅರಿಷಿಣ ಹಚ್ಚುತ್ತಿದ್ದ ಅವನ ತಾಯಿ ಸಿದ್ದಕ್ಕನ ಕೈಯೂ ನಿಂತಿತು. "ಜಡ್ಡಿನವರ ಗಾಡ್ಯಾಗ ಛಲೋ ಇದ್ದವರು ಮಲಗಬಾರದೋ ಯಪ್ಪಾ, ಅಪಶಕುನ!"

ಅಷ್ಟರಲ್ಲಿ ದಿನ ತುಂಬಿದ ಸೊಸೆ ರೇಷ್ಮಾ ಸೆರಗು ಸಿಕ್ಕಿಸಿಕೊಂಡು ಹಿಂಬಾಗಿಲಿನಿಂದ ಹತ್ತಿಯೇಬಿಟ್ಟಳು. "ಬ್ಯಾಡವಾ, ಇಳಿ!" ಸಿದ್ದಕ್ಕ ಚೀರಿದಳು. ರೇಷ್ಮಾ ಮಗ್ಗುಲಾಗಿ ಮಲಗಿದಳು, ಕಾಲು ಚಾಚಿದಳು, ಬೆರಳು ಕುಣಿಸಿದಳು. ಇನ್ನೂ ಗೇಣು ಜಾಗ ಉಳಿದಿತ್ತು. ಸುತ್ತ ನಿಂತವರು ಹೋ ಎಂದು ಕೂಗಿದರು.

"ಅತ್ತಿ, ನನ್ನ ಬಾಜೂಕ ನಿಮಗೂ ಜಾಗಾ ಐತ್ರಿ," ಒಳಗಿನಿಂದ ರೇಷ್ಮಾಳ ನಗು ಕೇಳಿಸಿತು. "ಹಡಿಯೋ ಹೊತ್ತಿನ್ಯಾಗ ನನ್ನ ಕೈ ಯಾರು ಹಿಡೀಬೇಕು?"

ಸಿದ್ದಕ್ಕ ಭಂಡಾರದ ತಟ್ಟೆಯನ್ನು ಮಗನ ಕೈಗೆ ತುರುಕಿ, ಹತ್ತಿ, ಸೊಸೆಯ ಪಕ್ಕ ಉದ್ದಕ್ಕೆ ಮಲಗಿ, ಹಳದಿ ಬಡಿದ ಕೈಯಿಂದ ಅವಳ ಕೈ ಹಿಡಿದುಕೊಂಡಳು.

"ಬಾಗಲಾ ಹಾಕಲೇ ಶಶ್ಯಾ, ಗಾಡಿ ಬಿಡು!"